ಹಾಲು ಬಿಟ್ಟ ಹಂದಿಮರಿಗೆ ಓಮ, ಬೆಳ್ಳುಳ್ಳಿ

ಸೇಲಂ ಕಡೆಯಿಂದ ತೊಪ್ಪೂರು ಘಾಟಿ ಹತ್ತಿ ಧರ್ಮಪುರಿಯ ಬಯಲಿಗೆ ಬಂದರೆ ರಾಗಿ ಹೊಲ, ಹುಣಿಸೆ ಮರ, ಮರಗೆಣಸಿನ ತೋಟಗಳು ಕಣ್ಣಿಗೆ ಬೀಳುತ್ತವೆ. ಹಿಂದೆ ತಗಡೂರು ಎನಿಸಿಕೊಂಡಿದ್ದ ಈ ನೆಲದಲ್ಲಿ ನೊಳಂಬ ಅರಸರ ಕನ್ನಡ ಶಾಸನಗಳು ದೊರೆತಿವೆ; ಮನೆಯೊಳಗೆ ಕನ್ನಡ, ಸಂತೆಯಲ್ಲಿ ತಮಿಳು ಆಡುವ ಕುಟುಂಬಗಳು ಇಂದಿಗೂ ಇವೆ. ಮನೆಗೊಂದು, ಕಚೇರಿಗೊಂದು ಭಾಷೆ ಇಟ್ಟುಕೊಂಡು ಬಾಳುವ ನಮಗೆ ಅವರು ಪರಕೀಯರಲ್ಲ. ಅಂತಹದೊಂದು ಮನೆಯ ಹಂದಿಗೂಡಿನ ಮುಂದೆ ನಾವು ಒಂದು ಬೆಳಗ್ಗೆ ನಿಂತಿದ್ದೆವು.

ಬಿಳಿ ಯಾರ್ಕ್‌ಶೈರ್ ತಳಿಯ ತಾಯಿ ಹತ್ತು ಮರಿ ಹಾಕಿತ್ತು. ಒಂದು ತಿಂಗಳು ಗುಂಡುಗುಂಡಾಗಿ ಬೆಳೆದ ಮರಿಗಳನ್ನು ತಾಯಿಯಿಂದ ಬೇರೆ ಮಾಡಿದ ವಾರದೊಳಗೆ ನೀರು ಭೇದಿ ಹತ್ತಿ ನಾಲ್ಕು ಸತ್ತವು. "ಸಾಲ ತೀರಲಿ ಅಂತ ಸಾಕಿದ್ದು ಸಾಮಿ, ಈಗ ಗುಂಡಿ ತೋಡ್ತಾ ಇದೀವಿ" ಎಂದರು ಮನೆಯೊಡತಿ. ಯಜಮಾನರು ಅಂಗಡಿಯಿಂದ ತಂದ ಪುಡಿಯನ್ನು ದಿನವೂ ಆಹಾರಕ್ಕೆ ಬೆರೆಸುತ್ತಿದ್ದರು. ಪೊಟ್ಟಣದ ಮೇಲಿನ ಬರಹ ಅವರಿಗೆ ಓದಲು ಬಾರದ ಭಾಷೆಯದು. ಓಮ, ಬೆಳ್ಳುಳ್ಳಿ, ಅರಸಿನ ಅರೆದು ಹಾಕಿದರೆ ಆಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಇದು ನಿಜವೇ ಎಂದು ನಮ್ಮನ್ನು ಕೇಳಿದರು.

ಹಂದಿ ಎಂದೊಡನೆ ಮೂಗು ಮುರಿಯುವ ಓದುಗರು ನಮ್ಮಲ್ಲೂ ಇಲ್ಲದಿಲ್ಲ. ಆದರೆ ಬೇಳ, ಕಯ್ಯಾರು, ಮಂಜೇಶ್ವರದ ಕಡೆ ಹಿತ್ತಿಲಿನ ಹಂದಿಗೂಡು ಹೊಸತಲ್ಲ. ಅದರ ಆದಾಯದಿಂದ ಮಕ್ಕಳ ಶಾಲೆಯ ಖರ್ಚು ನಡೆದ ಮನೆಗಳೂ ಇವೆ. ಆದುದರಿಂದ ಈ ಪ್ರಶ್ನೆ ನಮ್ಮದೂ ಹೌದು.

ಮೊದಲು ಮರಿಯ ಹೊಟ್ಟೆಯ ಸಂಗತಿ. ಹಾಲು ಕುಡಿಯುವ ಮರಿಯ ಹೊಟ್ಟೆಯಲ್ಲಿ ಜೀರ್ಣರಸದ ಹುಳಿ ಸಾಲದು. ಹಾಲಿನ ಸಕ್ಕರೆ ಹುಳಿತು ಹುಟ್ಟುವ ಆಮ್ಲವೇ ಕೆಟ್ಟ ಅಣುಜೀವಿಗಳನ್ನು ತಡೆದು ನಿಲ್ಲಿಸುತ್ತದೆ. ಹಾಲು ನಿಂತ ದಿನ ಆ ಕಾವಲು ಕಳಚುತ್ತದೆ. ತಾಯಿ ಇಲ್ಲ, ಗೂಡು ಹೊಸದು, ಮರಿ ಒಂದೆರಡು ದಿನ ಸರಿಯಾಗಿ ತಿನ್ನುವುದೇ ಇಲ್ಲ. ಸಣ್ಣ ಕರುಳಿನ ಒಳಮೈಯಲ್ಲಿ ಮಖಮಲ್ಲಿನಂತೆ ಎದ್ದು ನಿಂತು ಪೋಷಕಾಂಶ ಹೀರುವ ಎಳೆಗಳು ಆಗ ಗಿಡ್ಡವಾಗುತ್ತವೆ. ಆಮೇಲೆ ಹಸಿವಿನಿಂದ ಒಮ್ಮೆಗೇ ಗಬಗಬನೆ ತಿಂದುದು ಜೀರ್ಣವಾಗದೆ ಕರುಳಲ್ಲಿ ಕೊಳೆಯುತ್ತದೆ, ಇ. ಕೋಲಿ ಎಂಬ ಅಣುಜೀವಿ ಅಲ್ಲಿ ಬೆಳೆದು ವಿಷ ಬಿಡುತ್ತದೆ. ಮರಿ ಸಾಯುವುದು ಹೆಚ್ಚಾಗಿ ಮೈಯ ನೀರು ಬತ್ತಿ.

ಇದಕ್ಕೆ ಲೋಕವೆಲ್ಲ ಹಿಡಿದ ಸುಲಭದ ದಾರಿಯೆಂದರೆ ಆಹಾರದಲ್ಲೇ ಆ್ಯಂಟಿಬಯೋಟಿಕ್. ಅಲ್ಪ ಪ್ರಮಾಣದಲ್ಲಿ ದಿನವೂ ಕೊಟ್ಟುದರಿಂದ ಮದ್ದಿಗೆ ಬಗ್ಗದ ಅಣುಜೀವಿಗಳು ಹುಟ್ಟಿಕೊಂಡವು. ಡೆನ್ಮಾರ್ಕಿನಲ್ಲಿ 2000ನೇ ಇಸವಿಯ ಹೊತ್ತಿಗೆ ಈ ಪದ್ಧತಿ ನಿಂತಿತು. ಯುರೋಪಿನ ಒಕ್ಕೂಟ 2006ರ ಜನವರಿ 1ರಿಂದ ನಿಲ್ಲಿಸಿತು. ಆದರೆ ಡೆನ್ಮಾರ್ಕಿನಲ್ಲಿ ಎಳೆಮರಿಗಳ ಭೇದಿ ಹೆಚ್ಚಾಗಿ, ಚಿಕಿತ್ಸೆಗೆಂದು ಮದ್ದು ಕೊಡುವುದು ಏರಿತು ಎಂಬುದನ್ನು ಮರೆಯುವಂತಿಲ್ಲ. ಬದಲಿಗೆ ಬಂದ ಸತುವಿನ ಆಕ್ಸೈಡ್ ಭೇದಿ ತಡೆಯಿತೇನೋ ನಿಜ. ಗೊಬ್ಬರದೊಂದಿಗೆ ಮಣ್ಣು ಸೇರಿ ಉಳಿಯತೊಡಗಿದ್ದರಿಂದ 2022ರ ಜೂನ್‌ನಲ್ಲಿ ಅದನ್ನು ಮದ್ದಾಗಿ ಕೊಡುವುದಕ್ಕೂ ಅಲ್ಲಿ ತಡೆ ಬಿತ್ತು. ನಮ್ಮ ಸರಕಾರ 2019ರ ಜುಲೈಯಲ್ಲಿ, ಮನುಷ್ಯರಿಗೆ ಕೊನೆಯ ಗಳಿಗೆಯ ಮದ್ದಾದ ಕೊಲಿಸ್ಟಿನ್ ಅನ್ನು ಸಾಕುಪ್ರಾಣಿಗಳಿಗೆ ಕೊಡುವುದನ್ನು ನಿಷೇಧಿಸಿತು.

ಹೀಗೆ ತೆರವಾದ ಜಾಗಕ್ಕೆ ಗಿಡಮೂಲಿಕೆಗಳು ಬಂದಿವೆ. ಓಮದ ಥೈಮಾಲ್, ಬೆಳ್ಳುಳ್ಳಿ ಜಜ್ಜಿದಾಗ ಹುಟ್ಟುವ ಅಲಿಸಿನ್, ದಾಲ್ಚಿನ್ನಿಯ ಎಣ್ಣೆ, ಇವು ಗಾಜಿನ ಬಟ್ಟಲಲ್ಲಿ ಅಣುಜೀವಿಗಳನ್ನು ಕೊಲ್ಲುವುದು ಸಿದ್ಧವಾದ ಮಾತು. ಅರಸಿನ ಉರಿಯೂತ ತಗ್ಗಿಸುತ್ತದೆ. ದಾಳಿಂಬೆ ಸಿಪ್ಪೆ, ಹುಣಿಸೆ ಬೀಜದ ಹೊರಸಿಪ್ಪೆಯಲ್ಲಿ ಟ್ಯಾನಿನ್ ಎಂಬ ಒಗರಿದೆ. ಆದರೆ ಕರುಳು ಗಾಜಿನ ಬಟ್ಟಲಲ್ಲ. ಥೈಮಾಲ್ ಹೊಟ್ಟೆಯಲ್ಲೂ ಕರುಳಿನ ಮೊದಲ ಭಾಗದಲ್ಲೂ ರಕ್ತ ಸೇರಿಬಿಡುವುದರಿಂದ ಮುಂದಕ್ಕೆ ತಲುಪುವುದು ಸ್ವಲ್ಪವೇ. ದೊಡ್ಡ ಕಂಪೆನಿಗಳು ಅದಕ್ಕೆ ಕೊಬ್ಬಿನ ಹೊದಿಕೆ ಹಾಕಿ ಮಾರುವುದು ಇದೇ ಕಾರಣಕ್ಕೆ. ಪರೀಕ್ಷೆಗಳಲ್ಲಿ ಕೆಲವೆಡೆ ಮರಿ ಚೆನ್ನಾಗಿ ಬೆಳೆದಿದೆ, ಕೆಲವೆಡೆ ಏನೂ ವ್ಯತ್ಯಾಸ ಕಂಡಿಲ್ಲ. ಹೆಚ್ಚು ಹಾಕಿದರೆ ಘಾಟಿಗೆ ಮರಿ ತಿನ್ನುವುದನ್ನೇ ಬಿಡುತ್ತದೆ. ಭೇದಿ ಹತ್ತಿದ ಮರಿಗೆ ಕಷಾಯ ಕುಡಿಸುತ್ತ ಕೂರುವುದು ತಪ್ಪು ಎಂದೇ ನಮ್ಮ ಅಭಿಪ್ರಾಯ. ಆಗ ಬೇಕಾದುದು ಉಪ್ಪು, ಸಕ್ಕರೆ ಕದಡಿದ ಶುದ್ಧ ನೀರು ಮತ್ತು ಪಶುವೈದ್ಯರು.

ಆ ಮನೆಯಲ್ಲಿ ನಮ್ಮ ಕಣ್ಣಿಗೆ ಬಿದ್ದ ತೊಂದರೆ ಬೇರೆಯೇ ಇತ್ತು. ಸೇಲಂ ಸೀಮೆ ಸಾಬಕ್ಕಿಗೆ ಹೆಸರಾದುದು. ಕಾರ್ಖಾನೆಯಲ್ಲಿ ಮರಗೆಣಸಿನ ಹಿಟ್ಟು ತೆಗೆದ ಮೇಲೆ ಉಳಿಯುವ ಚರಟಕ್ಕೆ ಅಲ್ಲಿ ತಿಪ್ಪಿ ಎನ್ನುತ್ತಾರೆ. ಅಗ್ಗವಾದುದರಿಂದ ದನ, ಹಂದಿಗಳಿಗೆಲ್ಲ ಅದೇ. ದೊಡ್ಡ ಹಂದಿಗೆ ಸರಿಹೋದೀತು. ಅದರಲ್ಲಿ ಸಸಾರಜನಕ ಬಹಳ ಕಡಿಮೆ, ನಾರು ಹೆಚ್ಚು. ಹಸಿಯಾಗಿ ರಾಶಿ ಹಾಕಿದರೆ ಬೂಸಲು ಹಿಡಿಯುತ್ತದೆ, ಬೂಸಲಿನ ವಿಷ ಎಳೆಯ ಕರುಳನ್ನು ಕೆಡಿಸುತ್ತದೆ. ಮೂವತ್ತು ದಿನದ ಮರಿಗಳ ಮುಂದೆ ಇದ್ದುದು ಇದೇ, ಕೆಳಗೆ ಒದ್ದೆ ಸಿಮೆಂಟು ನೆಲ. ಇಷ್ಟರ ಮೇಲೆ ಬೆಳ್ಳುಳ್ಳಿ ಏನು ಮಾಡೀತು?

ಮರಿ ಹುಟ್ಟಿದ ದಿನವೇ ಗಿಣ್ಣುಹಾಲು ಕುಡಿಯಬೇಕು. ಒಂದೂವರೆ ದಿನದೊಳಗೆ ಕರುಳು ಅದರ ರಕ್ಷಣಾಶಕ್ತಿಯನ್ನು ಹೀರುವುದನ್ನು ನಿಲ್ಲಿಸುತ್ತದೆ. ಮೂರನೆಯ ದಿನದ ಸುಮಾರಿಗೆ ಕಬ್ಬಿಣದ ಇಂಜೆಕ್ಷನ್ ಬೇಕು. ದಿನಕ್ಕೆ ಏಳು ಮಿಲಿಗ್ರಾಂ ಬೇಕಾದಲ್ಲಿ ತಾಯಿಹಾಲಿನಿಂದ ಸಿಗುವುದು ಒಂದೇ. ಎರಡನೇ ವಾರದಿಂದಲೇ ಹುರಿದ ರಾಗಿ, ಮುಸುಕಿನ ಜೋಳ, ಸೋಯಾ ಹಿಂಡಿಯ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ರುಚಿ ತೋರಿಸಬೇಕು. ಅವಸರವಿಲ್ಲದ ಮನೆಯವರು ನಾಲ್ಕಕ್ಕೆ ಬದಲು ಆರು ವಾರ ಹಾಲು ಬಿಡಿಸದಿದ್ದರೆ ಒಳ್ಳೆಯದು. ಇಷ್ಟು ಮಾಡಿದ ಮೇಲೆ ಓಮ, ಬೆಳ್ಳುಳ್ಳಿ ಸ್ವಲ್ಪ ಸೇರಿಸಿದರೆ ನಮ್ಮ ಆಕ್ಷೇಪವಿಲ್ಲ.

ಒಂದು ಮಾತು ಬಿಟ್ಟುಹೋಗಬಾರದು. 2023ರ ಜನವರಿಯಲ್ಲಿ ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿಕೊಂಡು ಹಂದಿಗಳನ್ನು ಕೊಂದು ಹೂಳಬೇಕಾಯಿತು. ಯಾವ ಸೊಪ್ಪೂ ಬೇರೂ ಅದನ್ನು ತಡೆಯದು. ಹೊಟೇಲಿನ ಎಂಜಲನ್ನು ಕುದಿಸದೆ ಹಾಕುವುದು ಅದು ಹರಡುವ ದೊಡ್ಡ ದಾರಿ.

ಧರ್ಮಪುರಿಯಿಂದ ಆಮೇಲೆ ಫೋನು ಬಂತು. ಮುಂದಿನ ಸೂಲಿನಲ್ಲಿ ಒಂಬತ್ತು ಮರಿ, ಹಾಲು ಬಿಡಿಸಿದ ಮೇಲೂ ಎಂಟು ಉಳಿದಿವೆ ಎಂದರು. ತಿಪ್ಪಿ ನಿಲ್ಲಿಸಿದ್ದರು, ನೆಲಕ್ಕೆ ಒಣಹುಲ್ಲು ಹಾಸಿದ್ದರು, ಓಮವನ್ನೂ ಹಾಕಿದ್ದರು. ಓಮದಿಂದಲೇ ಉಳಿದವೆಂದು ಯಜಮಾನರು. ಅವರ ಹಿಂದೆ, ದಿನಾ ಹುಲ್ಲು ಬದಲಿಸಿದವಳು ನಾನು ಎಂದು ಮನೆಯೊಡತಿಯ ದನಿ ಕೇಳಿಸುತ್ತಿತ್ತು.