ಅಚ್ಚುಕಟ್ಟಿಗೆ ವಲಸೆ ಹೊರಟ ರೈತರು ಅರಿಯಬೇಕಾದ ಸಂಗತಿಗಳು

ಮಳೆಯನ್ನೇ ನಂಬಿದ ಸೀಮೆಯಲ್ಲಿ ಎರಡು ವರ್ಷ ಬೆಳೆ ಕೈಕೊಟ್ಟರೆ ಮೂರನೆಯ ವರ್ಷ ಮನೆಯಲ್ಲಿ ಒಂದು ಮಾತು ಹುಟ್ಟುತ್ತದೆ: 'ಇಲ್ಲಿರುವುದನ್ನು ಮಾರಿ ಕಾಲುವೆ ಸೀಮೆಗೆ ಹೋಗಿಬಿಡೋಣ.' ಗಂಗಾವತಿ, ಕಾರಟಗಿ, ಸಿಂಧನೂರಿನ ಹೆಸರು ಆಗ ಕೇಳಿಬರುತ್ತದೆ. ಹೀಗೆ ಹೊರಡುವುದು ತಪ್ಪೇನೂ ಅಲ್ಲ. ಆದರೆ ಪಿತ್ರಾರ್ಜಿತ ಭೂಮಿಯನ್ನು ಒಮ್ಮೆ ಮಾರಿದ ಮೇಲೆ ಹಿಂದಿರುಗಲು ನೆಲೆ ಉಳಿಯುವುದಿಲ್ಲ. ಆದ್ದರಿಂದ ಹೋಗುವ ಮುನ್ನ ಆ ಸೀಮೆಯ ನೀರು, ನೆಲ, ಜನ ಮೂರನ್ನೂ ತಿಳಿದಿರಬೇಕು. ನೀರು ನೆಲದ ವಿಷಯ ಎಲ್ಲರೂ ವಿಚಾರಿಸುತ್ತಾರೆ. ಜನರ ವಿಷಯ ವಿಚಾರಿಸುವವರು ಕಡಿಮೆ.

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಆಗ ಎಡದಂಡೆಯ ಕೊಪ್ಪಳ, ರಾಯಚೂರು ಸೀಮೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ನಮ್ಮ ರಾಜ್ಯಕ್ಕೆ ಬಂದದ್ದು 1956ರಲ್ಲಿ. ಅಲ್ಲಿಯ ರೈತರಿಗೆ ಜೋಳ, ಹತ್ತಿ, ಶೇಂಗಾ ಕೈಗೆ ಬಂದ ಬೆಳೆಗಳು. ಯೋಜನೆ ಮಾಡಿದವರು ಸಹ ಹೆಚ್ಚಿನ ಭಾಗಕ್ಕೆ ಇಂಥ ಮಿತ ನೀರಿನ ಬೆಳೆಗಳನ್ನೇ ಗೊತ್ತುಪಡಿಸಿದ್ದರು. ಆದರೆ ಕರಾವಳಿ ಆಂಧ್ರದ ಕೃಷ್ಣಾ, ಗೋದಾವರಿ, ಗುಂಟೂರು ಕಡೆಯ ರೈತರು ನೀರಿನ ಹಿಂದೆಯೇ ಬಂದರು. ಅಲ್ಲಿ ತುಂಡು ಭೂಮಿ ಮಾರಿ ಇಲ್ಲಿ ಅದರ ಹಲವು ಪಟ್ಟು ಕೊಂಡರು. ಕಾಲುವೆ ಭತ್ತ ಅವರಿಗೆ ಹುಟ್ಟಿನಿಂದ ಬಂದ ವಿದ್ಯೆ. ಏರುತಗ್ಗಿನ ಎರೆಹೊಲಗಳನ್ನು ಸಮಗೊಳಿಸಿ, ಮಡಿ ಕಟ್ಟಿ ನಾಟಿ ಮಾಡಿದರು. ಹೊಲದ ನಡುವೆಯೇ ಗುಡಿಸಲು ಹಾಕಿಕೊಂಡು ವಾಸಿಸಿದರು. ಆ ಗುಡಿಸಲುಗಳ ಗುಂಪಿಗೆ 'ಕ್ಯಾಂಪ್' ಎಂಬ ಹೆಸರು ಬಂತು. ಇಂದು ಅಲ್ಲಿ ತಾರಸಿ ಮನೆ, ಶಾಲೆ, ರಾಮಮಂದಿರ ಎಲ್ಲ ಇವೆ. ಹೆಸರು ಮಾತ್ರ ಇನ್ನೂ ಕ್ಯಾಂಪೇ. ಸಿಂಧನೂರಿನ ಬಳಿ 1970ರ ದಶಕದಲ್ಲಿ ನೆಲೆಗೊಂಡ ಬಂಗಾಲಿ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳೂ ಇವೆ. ಅಂದರೆ ನೀವು ಹೋಗುವುದು ಬರೀ ಕನ್ನಡದ ಹಳ್ಳಿಗಲ್ಲ. ಒಂದೇ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಲಿ ನಾಲ್ಕೂ ಕಿವಿಗೆ ಬೀಳುತ್ತವೆ.

ಮೊದಲು ನೀರಿನ ಮಾತು. ಎಡದಂಡೆ ಕಾಲುವೆ 141 ಮೈಲಿ ಉದ್ದ. ಕಿಲೋಮೀಟರು ಬಂದು ಎಷ್ಟು ಕಾಲವಾದರೂ ಈ ಕಾಲುವೆಯನ್ನು ಜನ ಮೈಲಿನಲ್ಲೇ ಎಣಿಸುತ್ತಾರೆ. 'ನಮ್ಮದು ಎಷ್ಟನೇ ಮೈಲು' ಎಂಬುದೇ ಅಲ್ಲಿ ಭೂಮಿಯ ಬೆಲೆ. ಮೇಲಿನ ಮೈಲುಗಳಲ್ಲಿ ಭತ್ತ ಹೆಚ್ಚಿದಂತೆ ಕೊನೆಭಾಗಕ್ಕೆ ನೀರು ಕಡಿಮೆಯಾಗುತ್ತ ಬಂತು. ಅಕ್ರಮವಾಗಿ ಕಾಲುವೆಗೆ ಪಂಪು ಇಟ್ಟು ನೀರೆತ್ತುವವರ ಕಾಟ ಬೇರೆ. 133 ಟಿಎಂಸಿ ಅಡಿ ಹಿಡಿಯಲು ಕಟ್ಟಿದ ಜಲಾಶಯ ಹೂಳು ತುಂಬಿ ಈಗ 105 ಟಿಎಂಸಿ ಚಿಲ್ಲರೆ ಹಿಡಿಯುತ್ತದೆ. ಮುಂಗಾರಿನ ಬೆಳೆಗೆ ಸಾಮಾನ್ಯವಾಗಿ ನೀರು ಸಿಗುತ್ತದೆ. ಎರಡನೆಯ ಬೆಳೆ ಮಾತ್ರ ನೀರಾವರಿ ಸಲಹಾ ಸಮಿತಿಯ ತೀರ್ಮಾನಕ್ಕೆ ಬಿಟ್ಟದ್ದು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಹರಿವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸುವವರೆಗೆ ಒಂದು ವಾರ ಅಚ್ಚುಕಟ್ಟಿನ ಯಾರೂ ನೆಮ್ಮದಿಯಾಗಿ ನಿದ್ದೆ ಮಾಡಲಿಲ್ಲ. ನಾಟಿ ಆಗಲೇ ಆಗಿತ್ತು, ಸಾಲವೂ ಆಗಿತ್ತು. ಎರಡು ಬೆಳೆಯ ಲೆಕ್ಕ ಹಾಕಿಕೊಂಡು ಭೂಮಿ ಕೊಳ್ಳಬೇಡಿ. ಒಂದೇ ಬೆಳೆಯಲ್ಲಿ ಸಂಸಾರ ಸಾಗುವುದೇ ಎಂದು ನೋಡಿ.

ನೆಲದಲ್ಲಿ ಎರೆ, ಮಸಾರಿ ಎರಡೂ ಉಂಟು. ಎರೆಭೂಮಿಗೆ ದಶಕಗಟ್ಟಲೆ ನೀರು ನಿಲ್ಲಿಸಿ ಬಸಿಗಾಲುವೆ ತೆಗೆಯದೆ ಬಿಟ್ಟ ಕಡೆ ಸವಳು, ಜವಳು ಹರಡಿದೆ. ಅಗ್ಗಕ್ಕೆ ಬಂದ ಹೊಲವೆಂದರೆ ಮೊದಲು ಇದೇ ಸಂಶಯ ಬರಬೇಕು. ಏಪ್ರಿಲ್, ಮೇ ತಿಂಗಳಲ್ಲಿ, ನೀರಿಲ್ಲದಾಗ ಹೋಗಿ ನೋಡಿ. ಮೇಲೆ ಬಿಳಿಯ ಪೊರೆ ಕಟ್ಟಿದ್ದರೆ ಉಪ್ಪು ಮೇಲೆದ್ದಿದೆ ಎಂದೇ ಅರ್ಥ. ಮೇಲ್ಮಣ್ಣಿನ ಜೊತೆಗೆ ಮೂರಡಿ ಆಳದ ಮಣ್ಣನ್ನೂ ಪರೀಕ್ಷೆಗೆ ಕೊಡಿ. ರಸಸಾರ 8.5 ದಾಟಿದ ಕ್ಷಾರ ಭೂಮಿಗೆ ಜಿಪ್ಸಂ ಬೇಕು. ಬರೀ ಉಪ್ಪಿನ ಸವಳಿಗೆ ಜಿಪ್ಸಂ ಸುರಿದು ಪ್ರಯೋಜನವಿಲ್ಲ, ಸಿಹಿನೀರು ಕಟ್ಟಿ ಬಸಿಗಾಲುವೆಗೆ ತೊಳೆದುಬಿಡಬೇಕು. ಬಸಿಗಾಲುವೆ ಪಕ್ಕದವರ ಹೊಲ ದಾಟಿಯೇ ಹೋಗಬೇಕಲ್ಲ? ಇಲ್ಲಿಂದಲೇ ಜನರ ವಿಷಯ ಆರಂಭವಾಗುತ್ತದೆ.

ಒಂದು ತೂಬಿನಡಿ ಹತ್ತಾರು ಮಂದಿ ಇರುತ್ತಾರೆ. ನೀರು ಪಾಳಿಯ ಮೇಲೆ ಬರುತ್ತದೆ. ಕೆಲವೊಮ್ಮೆ ರಾತ್ರಿ ಎರಡು ಗಂಟೆಗೆ. ಪಾಳಿಯ ಕಾಗದ ಕಚೇರಿಯಲ್ಲಿದ್ದರೂ ನಡೆಯುವುದು ತೂಬಿನ ಮೇಲೆ ಕುಳಿತವರ ಮಾತು. ಬಂದ ವರ್ಷವೇ 'ನನ್ನ ಹಕ್ಕು' ಎಂದು ತೂಬಿಗೆ ಗುದ್ದಲಿ ಹಾಕಿದವರು ಮುಂದೆ ಒಬ್ಬಂಟಿಯಾದದ್ದನ್ನು ನಾನು ನನ್ನ ಕೆಲಸದಲ್ಲಿ ಕಂಡಿದ್ದೇನೆ. ಕಾಲುವೆಯ ಕಳೆ ಕೀಳುವ ದಿನ ಕರೆಯದಿದ್ದರೂ ಹೋಗಿ. ನೀರು ಬಳಕೆದಾರರ ಸಹಕಾರ ಸಂಘವಿದ್ದರೆ ಸದಸ್ಯರಾಗಿ, ಸಭೆಗೆ ಹೋಗಿ, ಮೊದಲ ವರ್ಷ ಹೆಚ್ಚು ಕೇಳಿ, ಕಡಿಮೆ ಮಾತಾಡಿ.

ಮಾತಿನ ವಿಷಯವೂ ಇದೆ. ಮೈಸೂರು ಸೀಮೆಯ ನೇಗಿಲು ಅಲ್ಲಿ ರಂಟೆ. ನೀವು ಗುತ್ತಿಗೆ ಎನ್ನುವುದು ಅವರಿಗೆ ಲಾವಣಿ. 'ಕೂರಿಗೆ' ಎಂದರೆ ಬಿತ್ತುವ ಸಾಧನವೂ ಹೌದು, ಭೂಮಿಯ ಹಳೆಯ ಅಳತೆಯೂ ಹೌದು; ವ್ಯವಹಾರದಲ್ಲಿ ಎಕರೆ, ಗುಂಟೆಯಲ್ಲೇ ಮಾತಾಡಿ. 'ಬಾರಪಾ, ಕೂಡು' ಎಂದು ಏಕವಚನದಲ್ಲಿ ಕರೆದರೆ ಕಡೆಗಣಿಸಿದರೆಂದು ದಕ್ಷಿಣದವರು ಮುಖ ಬಿಗಿಯುವುದುಂಟು. ಅದು ಸಲಿಗೆ, ಅವಮಾನವಲ್ಲ. ಹಿರಿಯರನ್ನು ಯಪ್ಪಾ, ಯವ್ವಾ, ಕಾಕಾ ಎಂದು ಕರೆಯಲು ನಿಮ್ಮ ಮಕ್ಕಳು ಒಂದೇ ತಿಂಗಳಲ್ಲಿ ಕಲಿಯುತ್ತಾರೆ. ಕ್ಯಾಂಪಿನ ಹಿರಿಯರು ಮನೆಯಲ್ಲಿ ತೆಲುಗು ಆಡಿದರೂ ಅವರ ಮೊಮ್ಮಕ್ಕಳಿಗೆ ಕನ್ನಡ ಸಲೀಸು.

ಹಬ್ಬಗಳನ್ನು ಬೇಸಾಯದಷ್ಟೇ ಗಮನವಿಟ್ಟು ಕಲಿಯಿರಿ. ಕಾರಹುಣ್ಣಿಮೆಗೆ ಎತ್ತುಗಳ ಕರಿ ಹರಿಯುತ್ತಾರೆ, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಆ ದಿನ ನೆರೆಹೊಲದವರು ಊಟಕ್ಕೆ ಕರೆದರೆ ತಪ್ಪಿಸಬೇಡಿ. ಸಜ್ಜೆರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ಶೇಂಗಾಹೋಳಿಗೆ ತಿಂದು ಕೈ ತೊಳೆಯುವ ಹೊತ್ತಿಗೆ ಬದುವಿನ ಎಷ್ಟೋ ತಕರಾರು ತಾನೇ ಬಗೆಹರಿದಿರುತ್ತದೆ. ಮೊಹರಂ ಅಲ್ಲಿ ಮುಸಲ್ಮಾನರ ಹಬ್ಬ ಮಾತ್ರವಲ್ಲ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ದೇವರಿಗೆ ಸಕ್ಕರೆ ಓದಿಸುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಹೊಸಬರು ಇದನ್ನು ಕಂಡು ಬೆರಗಾಗುವುದುಂಟು. ಟೀಕೆ ಮಾಡದಿದ್ದರೆ ಸಾಕು. ಕ್ಯಾಂಪುಗಳಲ್ಲಿ ದೊಡ್ಡ ಹಬ್ಬ ಸಂಕ್ರಾಂತಿ.

ಜನವರಿಯ ಹೊತ್ತಿಗೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಬರುತ್ತದೆ. ಅದರ ದಾಸೋಹಕ್ಕೆ ಸುತ್ತಣ ಹಳ್ಳಿಗಳಿಂದ ಗಾಡಿಗಟ್ಟಲೆ ಜೋಳದ ರೊಟ್ಟಿ ಹೋಗುತ್ತದೆ. ಓಣಿಯ ಹೆಂಗಸರೆಲ್ಲ ಒಂದೆಡೆ ಕೂಡಿ ರೊಟ್ಟಿ ಬಡಿಯುತ್ತಾರೆ. ರಾಗಿಮುದ್ದೆಯ ಕೈಗೆ ರೊಟ್ಟಿ ಬಡಿಯಲು ಬರದೆ ಇರಬಹುದು. ಹಿಟ್ಟು ಜರಡಿ ಹಿಡಿಯಲಾದರೂ ನಿಮ್ಮ ಮನೆಯವರನ್ನು ಕಳಿಸಿ. ನನ್ನ ಅನುಭವದಲ್ಲಿ ಹೊಸ ಊರಿಗೆ ಗಂಡಸಿಗಿಂತ ಹೆಂಗಸು ಮೊದಲು ಒಗ್ಗುತ್ತಾಳೆ. ನಾಟಿಗೆ ಆಳು ಸಿಗುವುದೂ ಈ ಪರಿಚಯದಿಂದಲೇ. ಜುಲೈ, ಆಗಸ್ಟಿನಲ್ಲಿ ಎಲ್ಲರಿಗೂ ಒಮ್ಮೆಗೇ ನಾಟಿ. ಗುಂಪು ಕಟ್ಟಿ ಗುತ್ತಿಗೆ ಹಿಡಿಯುವ ಹೆಂಗಸರು ಪರಿಚಯದವರ ಹೊಲಕ್ಕೇ ಮೊದಲು ಇಳಿಯುತ್ತಾರೆ.

ಇನ್ನು ಕಹಿಯಾದ ಒಂದು ಮಾತು ಹೇಳಲೇಬೇಕು. ಹೊರಗಿನವರು ಹೆಚ್ಚಿನ ಹಣ ತೋರಿಸಿ ಲಾವಣಿ ಹಿಡಿದಾಗ, ವರ್ಷಗಳಿಂದ ಅದೇ ಹೊಲ ಮಾಡುತ್ತಿದ್ದ ಸ್ಥಳೀಯ ಬಡವನ ಕೈಯಿಂದ ಅದು ಹೋಗುತ್ತದೆ. ಅವನ ಮನೆ ನಿಮ್ಮ ಓಣಿಯಲ್ಲೇ ಇರುತ್ತದೆ. ಯಾರು ಮಾಡುತ್ತಿದ್ದ ಹೊಲ, ಏಕೆ ಬಿಟ್ಟರು ಎಂದು ವಿಚಾರಿಸದೆ ಮುಂಗಡ ಕೊಡಬೇಡಿ. ನಮ್ಮ ರಾಜ್ಯದ ಕಾಯಿದೆಯಲ್ಲಿ ಕೃಷಿಭೂಮಿಯ ಗೇಣಿಗೆ ಸಾಮಾನ್ಯವಾಗಿ ಅವಕಾಶವಿಲ್ಲದ್ದರಿಂದ ಲಾವಣಿಯೆಲ್ಲ ಬಾಯಿಮಾತಿನದು. ಬೆಳೆ ಹೋದರೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ, ಬೆವರು ಸುರಿಸಿದವರಿಗಲ್ಲ. ಹಾಗೆ ಹೋದರೆ ಹೇಗೆ ಹಂಚಿಕೊಳ್ಳಬೇಕೆಂಬುದನ್ನು ಊರ ನಾಲ್ವರು ಹಿರಿಯರೆದುರು ಮೊದಲೇ ಆಡಿಕೊಳ್ಳಿ. ಬೀಜ, ಗೊಬ್ಬರ ಉದ್ದರಿ ಕೊಟ್ಟ ಅಡತಿ ಅಂಗಡಿಯವರು ಭತ್ತ ತಮಗೇ ಹಾಕಬೇಕೆಂಬ ಕರಾರು ಇಡುತ್ತಾರೆ. ಬಡ್ಡಿ, ತೂಕ ಎರಡನ್ನೂ ಕೇಳಿ ತಿಳಿದು ಸಾಲಕ್ಕೆ ಕೈಹಾಕಿ.

ಕೊಳ್ಳುವುದೇ ಆದರೆ ಪಹಣಿ, ಮ್ಯುಟೇಶನ್, ಋಣಭಾರ ಪತ್ರ ನೋಡುವುದು ಎಲ್ಲರಿಗೂ ಗೊತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು 1978ರ ಕಾಯಿದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳುವಂತಿಲ್ಲ. ಕೊಂಡರೆ ಹಣವೂ ಹೋಯಿತು, ಭೂಮಿಯೂ ಹೋಯಿತು. ಹೊಲ ಅಧಿಕೃತ ಅಚ್ಚುಕಟ್ಟಿನಲ್ಲಿದೆಯೇ ಎಂದು ನೀರಾವರಿ ಕಚೇರಿಯಲ್ಲಿ ಕೇಳಿ. 371(ಜೆ) ಮೀಸಲಾತಿ ಮಕ್ಕಳಿಗೆ ದೊರೆಯುತ್ತದೆಂದು ಕೆಲವರು ಆಸೆ ತೋರಿಸುತ್ತಾರೆ. ಈಗ ಹೋಗಿ ನೆಲೆಸಿದ ಮಾತ್ರಕ್ಕೆ ಅದು ಸಿಗುವುದಿಲ್ಲ.

ನನ್ನ ಸಲಹೆ ಇಷ್ಟೆ: ಊರ ಭೂಮಿಯನ್ನು ಮಾರದೆ, ಮನೆಯ ಒಬ್ಬ ಮಗನೋ ತಮ್ಮನೋ ಮೊದಲು ಹೋಗಿ ಒಂದು ವರ್ಷ ಅಲ್ಲಿದ್ದು ನೋಡಲಿ. ಕಾಲುವೆಗೆ ನೀರು ಬಿಡುವ ಜುಲೈಯಲ್ಲೂ ಇರಲಿ, ಕೊನೆಭಾಗದವರು ರಸ್ತೆಗಿಳಿಯುವ ದಿನಗಳಲ್ಲೂ ಇರಲಿ. ಸಾಮಾನ್ಯವಾಗಿ ನವೆಂಬರಿನಲ್ಲಿ ಎರಡನೆಯ ಬೆಳೆಯ ನೀರಿನ ತೀರ್ಮಾನ ಹೊರಬೀಳುತ್ತದೆ. ಅದು ಗೊತ್ತಾಗುವ ಮುಂಚೆ ಬೇಸಿಗೆ ಬೆಳೆಗೆಂದು ಯಾರಿಗೂ ಮುಂಗಡ ಕೊಡಬೇಡಿ.