ಗ್ಲೈಡರ್‌ಗಳಲ್ಲಿ ಸ್ಟಾಲ್ ಮತ್ತು ಅನುದ್ದೇಶಿತ ಸ್ಪಿನ್

ರೆಕ್ಕೆಯ ಮೇಲ್ಮೈಯಿಂದ ಗಾಳಿಯ ಹರಿವು ಬೇರ್ಪಟ್ಟು, ವಿಮಾನವನ್ನು ಮೇಲೆತ್ತುವ ಬಲವು ಹಠಾತ್ತನೆ ಕುಗ್ಗುವ ಸ್ಥಿತಿಯನ್ನು ಸ್ಟಾಲ್ ಎನ್ನುತ್ತಾರೆ. ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಸ್ಟಾಲ್ ಆದಾಗ ವಿಮಾನವು ಬುಗುರಿಯಂತೆ ತಿರುಗುತ್ತ ಕೆಳಗಿಳಿಯುವುದೇ ಸ್ಪಿನ್. ಚಾಲಕನು ಉದ್ದೇಶಿಸದೆ ಉಂಟಾಗುವ ಸ್ಪಿನ್ ನೆಲದ ಸಮೀಪದಲ್ಲಿ ಮಾರಣಾಂತಿಕವಾಗಬಲ್ಲದು.

ಕಾರಣ

ಸ್ಟಾಲ್‌ಗೆ ಮೂಲಕಾರಣ ವೇಗದ ಕೊರತೆಯಲ್ಲ. ರೆಕ್ಕೆಯು ಎದುರುಗಾಳಿಯೊಡನೆ ಮಾಡುವ ಕೋನವು ಮಿತಿ ಮೀರುವುದು. ಅನೇಕ ರೆಕ್ಕೆಗಳಲ್ಲಿ ಈ ಮಿತಿ ಸುಮಾರು 15 ಡಿಗ್ರಿ. ಹೀಗಾಗಿ ಯಾವ ವೇಗದಲ್ಲಿಯೂ ಸ್ಟಾಲ್ ಸಂಭವಿಸಬಹುದು. 60 ಡಿಗ್ರಿ ವಾಲಿ, ಎತ್ತರ ಕಳೆದುಕೊಳ್ಳದೆ ತಿರುಗುವಾಗ ರೆಕ್ಕೆಗಳು ಎರಡುಪಟ್ಟು ಭಾರ ಹೊರುತ್ತವೆ. ಸ್ಟಾಲ್ ಆಗುವ ವೇಗವು ಶೇ. 41ರಷ್ಟು ಹೆಚ್ಚುತ್ತದೆ.

ಉದ್ದ ರೆಕ್ಕೆಯ ಗ್ಲೈಡರ್‌ಗಳು

ಭಟ್ಕಳ, ಹೊನ್ನಾವರ, ಕುಮಟಾ ಕರಾವಳಿಯಲ್ಲಿ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವಂತೆ, ಎಂಜಿನ್ ಇಲ್ಲದ ಗ್ಲೈಡರ್‌ಗಳೂ ಏರುಗಾಳಿಯೊಳಗೆ ಸುತ್ತುತ್ತ ಎತ್ತರ ಗಳಿಸುತ್ತವೆ. ಆಗ ಒಳಭಾಗದ ರೆಕ್ಕೆಯ ತುದಿ ಚಿಕ್ಕ ವೃತ್ತದಲ್ಲಿ, ಹೊರಭಾಗದ್ದು ದೊಡ್ಡ ವೃತ್ತದಲ್ಲಿ ಚಲಿಸುತ್ತದೆ. ರೆಕ್ಕೆಗಳ ಒಟ್ಟು ಅಗಲ 18 ಮೀಟರ್ ಇರುವ ಗ್ಲೈಡರ್ 45 ಡಿಗ್ರಿ ವಾಲಿ ಗಂಟೆಗೆ 90 ಕಿ.ಮೀ. ವೇಗದಲ್ಲಿ ತಿರುಗಿದರೆ, ಒಳತುದಿಯ ವೇಗ ಸುಮಾರು 81 ಕಿ.ಮೀ., ಹೊರತುದಿಯದು ಸುಮಾರು 99 ಕಿ.ಮೀ. ಆಗಿರುತ್ತದೆ. ಆದ್ದರಿಂದ ಒಳರೆಕ್ಕೆಯೇ ಮೊದಲು ಸ್ಟಾಲ್ ಆಗುವ ಸಂಭವ ಹೆಚ್ಚು. ಗುರುತ್ವಕೇಂದ್ರವು ಹಿಂದಕ್ಕೆ ಸರಿದಿದ್ದರೆ ಸ್ಪಿನ್ ಸುಲಭವಾಗಿ ಉಂಟಾಗುತ್ತದೆ. ರೆಕ್ಕೆಗಳಲ್ಲಿ ನೀರಿನ ಭಾರ ತುಂಬಿದ್ದರೆ ತಿರುಗುವಿಕೆಯನ್ನು ನಿಲ್ಲಿಸುವುದು ಕಷ್ಟ.

ಇಳಿಯುವ ಮುನ್ನಿನ ಕೊನೆಯ ತಿರುವು ಅತ್ಯಂತ ಅಪಾಯಕಾರಿ. ರನ್‌ವೇಯ ನೇರವನ್ನು ದಾಟಿಹೋದ ಚಾಲಕನು ರಡ್ಡರ್‌ನಿಂದ ಮೂತಿಯನ್ನು ಬಲವಂತವಾಗಿ ಒಳಕ್ಕೆ ತಿರುಗಿಸಿ, ವಾಲುವಿಕೆಯನ್ನು ತಡೆಯಲು ಐಲೆರಾನನ್ನು ವಿರುದ್ಧ ದಿಕ್ಕಿಗೆ ಒತ್ತುತ್ತಾನೆ. ಮೂತಿ ತಗ್ಗದಿರಲೆಂದು ನಿಯಂತ್ರಣ ದಂಡವನ್ನು ಹಿಂದಕ್ಕೆಳೆಯುತ್ತಾನೆ. ಈ ಮೂರೂ ಸೇರಿ ಒಳರೆಕ್ಕೆಯನ್ನು ಸ್ಟಾಲ್‌ಗೆ ತಳ್ಳುತ್ತವೆ. ಚೇತರಿಸಿಕೊಳ್ಳುವಷ್ಟು ಎತ್ತರ ಅಲ್ಲಿ ಉಳಿದಿರುವುದಿಲ್ಲ.

ಚೇತರಿಕೆ

ಆಯಾ ಗ್ಲೈಡರ್‌ನ ಕೈಪಿಡಿಯ ಸೂಚನೆಯೇ ಅಂತಿಮ. ಸಾಮಾನ್ಯ ಕ್ರಮ ಹೀಗಿದೆ:
* ಐಲೆರಾನನ್ನು ಮಧ್ಯಸ್ಥಿತಿಯಲ್ಲಿಟ್ಟು, ತಿರುಗುವಿಕೆಯ ವಿರುದ್ಧ ದಿಕ್ಕಿಗೆ ಪೂರ್ಣ ರಡ್ಡರ್ ನೀಡುವುದು.
* ನಿಯಂತ್ರಣ ದಂಡವನ್ನು ಮುಂದಕ್ಕೆ ಸರಿಸುವುದು.
* ತಿರುಗುವಿಕೆ ನಿಂತೊಡನೆ ರಡ್ಡರನ್ನು ಮಧ್ಯಕ್ಕೆ ತಂದು, ಇಳಿಜಾರಿನಿಂದ ಮೃದುವಾಗಿ ಮೇಲೆತ್ತುವುದು.

ಗಾಳಿಯ ತಡೆ ಕಡಿಮೆಯಿರುವ ಉನ್ನತ ಕ್ಷಮತೆಯ ಗ್ಲೈಡರ್‌ಗಳ ವೇಗವು ಇಳಿಜಾರಿನಲ್ಲಿ ಬಹುಬೇಗ ಏರುವುದರಿಂದ, ಕೊನೆಯ ಹಂತದಲ್ಲಿ ವಿಳಂಬವೂ ಆತುರವೂ ಸಲ್ಲವು.

ಕರ್ನಾಟಕದ ಉದಾಹರಣೆ

ಸ್ಪಿನ್‌ನ ಸಮಸ್ಯೆ ಗ್ಲೈಡರ್‌ಗಳಿಗೆ ಸೀಮಿತವಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್) ರೂಪಿಸಿದ ಎಚ್‌ಜೆಟಿ-36 ತರಬೇತಿ ಜೆಟ್ ವಿಮಾನವು 2003ರ ಮಾರ್ಚ್ 7ರಂದು ಮೊದಲು ಹಾರಿತು. ಆದರೆ ಸ್ಟಾಲ್ ಮತ್ತು ಸ್ಪಿನ್ ಲಕ್ಷಣಗಳ ದೋಷದಿಂದ ಯೋಜನೆ ವರ್ಷಗಳ ಕಾಲ ಹಿಂದುಳಿಯಿತು. ಬಾಲದ ಲಂಬ ಫಲಕವನ್ನು ಹಿಂದಕ್ಕೆ ಸರಿಸಿ, ರಡ್ಡರನ್ನು ವಿಸ್ತರಿಸಿದ ಬಳಿಕ 2019ರಲ್ಲಿ ಹಾರಾಟ ಪುನರಾರಂಭವಾಯಿತು. 2022ರ ಜನವರಿಯಲ್ಲಿ ಎಡಕ್ಕೂ ಬಲಕ್ಕೂ ತಲಾ ಆರು ಸುತ್ತುಗಳ ಸ್ಪಿನ್‌ನಿಂದ ಚೇತರಿಸಿಕೊಳ್ಳುವ ಸಾಮರ್ಥ್ಯವನ್ನು ಅದು ತೋರಿಸಿತು.