ಓವನ್ ಇಲ್ಲದೆಯೂ ಖೀಮಾ–ಚೀಸ್

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹೆಚ್ಚಿನ ಮನೆಗಳಲ್ಲಿ ಅಡುಗೆ ಆಗುವುದು ಒಲೆಯ ಮೇಲೆ. ಖೀಮಾ, ಆಲೂಗಡ್ಡೆ, ಚೀಸ್ ಸೇರಿಸಿ ಓವನ್‌ನಲ್ಲಿ ಬೇಯಿಸುವ ಕ್ಯಾಸರೋಲ್ ನಮಗೆ ಒಗ್ಗದು ಎನ್ನುವವರಿದ್ದಾರೆ. ಆದರೆ ಅಲ್ಲಿ ಓವನ್ ಮಾಡುವ ಮುಖ್ಯ ಕೆಲಸ ಆಲೂಗಡ್ಡೆ ಬೇಯಿಸಿ ಚೀಸ್ ಕರಗಿಸುವುದು. ದಪ್ಪ ತಳದ ಪಾತ್ರೆ, ಬಿಗಿ ಮುಚ್ಚಳ ಇದ್ದರೆ ಅದಷ್ಟೂ ಒಲೆಯ ಮೇಲೇ ಆಗುತ್ತದೆ. ಮೇಲಿನ ಕಂದು ಪದರ ಸಿಗದು, ನಿಜ. ಆ ರುಚಿಯನ್ನು ತಳದಲ್ಲಿ ಪಡೆಯಬಹುದು. ಮೂಲದಲ್ಲಿ ಈ ಕ್ಯಾಸರೋಲ್ ದನದ ಮಾಂಸದ ಅಡುಗೆ. ರಾಜ್ಯದ 2020ರ ಕಾಯ್ದೆ ಗೋಹತ್ಯೆಯನ್ನು ನಿಷೇಧಿಸಿರುವುದರಿಂದ ಇಲ್ಲಿಗೆ ಹೊಂದುವುದು ಮಟನ್ ಖೀಮಾ.

ಖೀಮಾ ನೀರು ಬಿಟ್ಟು ಸಪ್ಪೆಯಾಗುತ್ತದೆ ಎಂಬ ದೂರಿಗೆ ಕಾರಣ ಅವಸರ. ಕೊತಕೊತ ಸದ್ದು ನಿಂತು ಚುರುಚುರು ಎನ್ನುವವರೆಗೆ ಹುರಿಯಬೇಕು. ನೀರು ಆರಿದ ಮೇಲೇ ಮಾಂಸ ಕಂದಾಗುವುದು. ಕೊಚ್ಚುವಾಗ ಮೇಲಿನ ಬ್ಯಾಕ್ಟೀರಿಯಾ ಒಳಗೂ ಬೆರೆಯುವುದರಿಂದ ಅರೆಬೆಂದ ಖೀಮಾ ಸಲ್ಲದು. ಆಮೇಲೆ ಈರುಳ್ಳಿ, ಬೆಳ್ಳುಳ್ಳಿ, ಖಾರ, ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ಅರ್ಧ ಲೋಟ ನೀರು ಹಾಕಿ ಮುಚ್ಚಿ. ಟೊಮೆಟೊ ಈಗಲೇ ಬೇಡ: ಹುಳಿ ಇದ್ದರೆ ಆಲೂಗಡ್ಡೆ ಬೇಗ ಮೆತ್ತಗಾಗುವುದಿಲ್ಲ. ಸಮಯ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಆಲೂಗಡ್ಡೆ ಬೇಯುವಷ್ಟರಲ್ಲಿ ಜೋಳದ ರೊಟ್ಟಿ ಬಡಿಯಬಹುದು. ಚೀಸ್ ದುಬಾರಿ ಎಂಬುದು ಸರಿಯಾದ ಆಕ್ಷೇಪವೇ. ಎರಡು ತುಂಡು ತುರಿದು ಮೇಲೆ ಹರಡಿ, ಉರಿ ಆರಿಸಿ, ಮುಚ್ಚಿಟ್ಟರೆ ಸಾಕು. ಬದಲಿಗೆ ಪನೀರ್ ಹಾಕಿದರೆ ಕರಗದು. ಚೀಸ್‌ನಲ್ಲೇ ಉಪ್ಪಿರುವುದರಿಂದ ಖೀಮಾಕ್ಕೆ ಉಪ್ಪು ಹಾಕುವಾಗ ಕೈ ಬಿಗಿ ಹಿಡಿಯಿರಿ.